ಧೂಳು ಹಾರುವ ಮೊದಲೇ ಹಿಡಿಯಿರಿ: ಮನೆಯ ಮರಗೆಲಸದ ಕೋಣೆಗೆ ಹತ್ತು ಹಂತ

ಕಾರ್ ಶೆಡ್ಡಿನ ಮೂಲೆಯಲ್ಲೋ ತಾರಸಿಯ ಕೋಣೆಯಲ್ಲೋ ಮರಗೆಲಸ ಶುರುಮಾಡಿದ್ದೀರಿ. ಸ್ಟೂಲು ಚೆನ್ನಾಗಿ ಬಂದಿದೆ, ಆದರೆ ಮನೆಯವರ ದೂರು ಒಂದೇ: ‘ಎಲ್ಲಿ ಕೈಯಿಟ್ಟರೂ ಧೂಳು!’ ಆ ದೂರು ನ್ಯಾಯವಾದದ್ದೇ. ಆದರೆ ಕೈಗೆ ಹತ್ತುವ ಧೂಳಿಗಿಂತ ಕಣ್ಣಿಗೆ ಕಾಣದ ಧೂಳಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ದಪ್ಪ ಹೊಟ್ಟು ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಆಯಿತು. 10 ಮೈಕ್ರಾನ್‌ಗಿಂತ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತವೆ, ಉಸಿರಿನ ಜೊತೆ ಒಳಗೆ ಇಳಿಯುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಭಯಪಡಬೇಡಿ. ಆ ತೀರ್ಮಾನಕ್ಕೆ ಆಧಾರವಾದವರು ಬಹುಪಾಲು ವರ್ಷಗಟ್ಟಲೆ ಇದೇ ಧೂಳಿನಲ್ಲಿ ದುಡಿದ ಕಾರ್ಮಿಕರು. ವಾರಕ್ಕೊಮ್ಮೆ ಕೆಲಸ ಮಾಡುವ ನೀವು ಕೆಲವು ಅಭ್ಯಾಸ ಬೆಳೆಸಿಕೊಂಡರೆ ಅಪಾಯ ಬಹಳ ತಗ್ಗುತ್ತದೆ. ಒಂದೇ ಸೂತ್ರ ನೆನಪಿಡಿ: ಧೂಳು ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯಬೇಕು. ಪೊರಕೆಯ ಸರದಿ ಕೊನೆಗೆ.

ಹಂತ 1: ಗಾಳಿಗೆ ದಾರಿ ಮಾಡಿ

ಮನೆಯೊಳಗೆ ತೆರೆಯುವ ಬಾಗಿಲು ಮುಚ್ಚಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ಸುತ್ತಿ ಒತ್ತಿ. ಸೀಲಿಂಗ್ ಫ್ಯಾನ್ ಆಫ್ ಮಾಡಿ. ಒಂದು ಕಡೆ ಕಿಟಕಿ ತೆರೆದು, ಎದುರು ಕಡೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಕೆಲಸದ ಮೇಜು ಫ್ಯಾನಿನ ಹತ್ತಿರವಿರಲಿ.

ಎಚ್ಚರ: ಎಕ್ಸಾಸ್ಟ್ ಫ್ಯಾನ್ ನಿಮ್ಮ ಬೆನ್ನ ಹಿಂದೆ ಬೇಡ. ಹಾಗಿದ್ದರೆ ಧೂಳೆಲ್ಲ ನಿಮ್ಮ ಮುಖ ದಾಟಿಕೊಂಡೇ ಹೊರಹೋಗುತ್ತದೆ. ಅದರ ಬಾಯಿ ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಕಡೆಗಿದೆಯೇ ಅಂತಲೂ ಒಮ್ಮೆ ನೋಡಿ.

ಹಂತ 2: ಮಾಸ್ಕ್ ಹಾಕಿ

ಮೂಗಿಗೆ ಕಟ್ಟಿದ ಕರ್ಚೀಫ್ ಸಣ್ಣ ಧೂಳನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ತನ್ನಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವಂಥದ್ದು ಮುಖಕ್ಕೆ ಬಿಗಿಯಾಗಿ ಕೂರುತ್ತದೆ. ಹಾಕಿಕೊಂಡು ಮೂಗಿನ ಮೇಲಿನ ಕ್ಲಿಪ್ ಒತ್ತಿ, ಎರಡೂ ಅಂಗೈಯಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರು ಬಿಡಿ. ಅಂಚಿನಿಂದ ಗಾಳಿ ಸೋರಿದರೆ ಸರಿಪಡಿಸಿ. ಗಡ್ಡ ದಟ್ಟವಾಗಿದ್ದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಕಣ್ಣಿಗೆ ಕನ್ನಡಕವೂ ಇರಲಿ.

ತೇಗ, ಬೀಟೆಯಂಥ ಮರಗಳ ಧೂಳಿನಿಂದ ಕೆಲವರಿಗೆ ಚರ್ಮ ಕೆರೆತ, ಸೀನು ಬರುವುದುಂಟು. ಅಂಥ ದಿನ ತುಂಬುತೋಳಿನ ಅಂಗಿ ಹಾಕಿ.

ಹಂತ 3: ಧೂಳು ಕಡಿಮೆ ಮಾಡುವ ಉಪಕರಣ ಆರಿಸಿ

ಕೀಸುಳಿಯಿಂದ ಮರ ಕೀಸಿದರೆ ಸುರುಳಿ ಸುರುಳಿಯಾದ ಸಿಪ್ಪೆ ಬರುತ್ತದೆ. ಅದು ಹಾರುವುದಿಲ್ಲ, ಕೈಯಲ್ಲೇ ಬಾಚಬಹುದು. ಅದೇ ಹಲಗೆಯನ್ನು ಸ್ಯಾಂಡರ್‌ನಿಂದ ಉಜ್ಜಿದರೆ ಹಿಟ್ಟಿನಂಥ ಧೂಳು ಏಳುತ್ತದೆ. ಆದ್ದರಿಂದ ಆದಷ್ಟು ಕೀಸುಳಿಯಲ್ಲೇ ನುಣುಪು ಮಾಡಿ, ಉಪ್ಪು ಕಾಗದವನ್ನು ಕೊನೆಗೆ ಉಳಿಸಿಕೊಳ್ಳಿ. ಎಂಡಿಎಫ್ ಹಲಗೆಗೆ ಈ ಉಪಾಯ ನಡೆಯದು. ಅದನ್ನು ಕೊಯ್ದರೂ ಉಜ್ಜಿದರೂ ಬರುವುದು ಅಂಟು ಬೆರೆತ ನುಣ್ಣನೆ ಧೂಳೇ. ಆಗುವುದಾದರೆ ಆ ಕೆಲಸ ಅಂಗಳದಲ್ಲಿ ಮಾಡಿ.

ಹಂತ 4: ವೆಟ್ ಆ್ಯಂಡ್ ಡ್ರೈ ವ್ಯಾಕ್ಯೂಮ್ ಕ್ಲೀನರ್ ತನ್ನಿ

ಸೋಫಾ ಒರೆಸುವ ವ್ಯಾಕ್ಯೂಮ್ ಇಲ್ಲಿ ಬೇಡ. ಹೊಟ್ಟು ತುಂಬಿ ಬೇಗ ಕಟ್ಟಿಕೊಳ್ಳುತ್ತದೆ. ಡ್ರಮ್ ಇರುವ ವೆಟ್ ಆ್ಯಂಡ್ ಡ್ರೈ ಮಾದರಿ ಕೊಳ್ಳಿ. ಒಳಗೆ ಬಟ್ಟೆಯ ಚೀಲ ಮಾತ್ರ ಇದೆಯೋ ಹೆಪಾ ಫಿಲ್ಟರ್ ಸಿಗುತ್ತದೋ ಕೇಳಿ ನೋಡಿ. ಸಾಧಾರಣ ಚೀಲ ದಪ್ಪ ಹೊಟ್ಟನ್ನು ಹಿಡಿದು, ಸಣ್ಣ ಧೂಳನ್ನು ಹಿಂಬದಿಯಿಂದ ಮತ್ತೆ ಕೋಣೆಗೇ ಊದುತ್ತದೆ.

ಹಂತ 5: ಹೋಸನ್ನು ಉಪಕರಣಕ್ಕೆ ಜೋಡಿಸಿ

ಆರ್ಬಿಟಲ್ ಸ್ಯಾಂಡರ್, ಸರ್ಕ್ಯುಲರ್ ಸಾ ಮೊದಲಾದವುಗಳಲ್ಲಿ ಧೂಳು ಹೊರಬರಲು ಒಂದು ತೂತು ಇರುತ್ತದೆ. ವ್ಯಾಕ್ಯೂಮ್ ಹೋಸನ್ನು ಅಲ್ಲಿಗೆ ಸಿಕ್ಕಿಸಿ. ಅಳತೆ ಹೊಂದದಿದ್ದರೆ ಗಾಬರಿ ಬೇಡ, ಎಲ್ಲರಿಗೂ ಆಗುವುದೇ. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಎರಡರ ಮೇಲೂ ಎಳೆದು ಹೋಸ್ ಕ್ಲ್ಯಾಂಪಿನಿಂದ ಬಿಗಿಯಿರಿ. ಮೊದಲು ವ್ಯಾಕ್ಯೂಮ್ ಆನ್ ಮಾಡಿ, ಆಮೇಲೆ ಉಪಕರಣ. ನಿಲ್ಲಿಸುವಾಗ ಮೊದಲು ಉಪಕರಣ, ಕೊನೆಗೆ ವ್ಯಾಕ್ಯೂಮ್.

ಹಂತ 6: ನಡುವೆ ಒಂದು ಬಕೆಟ್ ಇಡಿ

ಫಿಲ್ಟರ್ ಪದೇಪದೇ ಕಟ್ಟಿಕೊಂಡರೆ ಎಳೆತ ಕುಗ್ಗುತ್ತದೆ. ಇದಕ್ಕೆ ಸೈಕ್ಲೋನ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಗಾಳಿ ಅದರೊಳಗೆ ಗಿರಗಿರನೆ ಸುತ್ತುವಾಗ ಭಾರದ ಹೊಟ್ಟು ಅಂಚಿಗೆ ಸರಿದು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ವ್ಯಾಕ್ಯೂಮಿಗೆ ಹೋಗುವುದು ಉಳಿದ ಸಣ್ಣ ಧೂಳು ಮಾತ್ರ. 20 ಲೀಟರಿನ ಖಾಲಿ ಪೇಂಟ್ ಬಕೆಟ್ ಸಾಕು. ಮುಚ್ಚಳಕ್ಕೆ ತೂತು ಕೊರೆದು ಸೈಕ್ಲೋನ್ ಕೂರಿಸಿ, ಸುತ್ತ ಸಿಲಿಕೋನ್ ಹಚ್ಚಿ.

ಎಚ್ಚರ: ಮುಚ್ಚಳದಲ್ಲಿ ಸಣ್ಣ ಸಂದಿ ಇದ್ದರೂ ಹೊಟ್ಟು ಕೆಳಗೆ ನಿಲ್ಲುವುದಿಲ್ಲ. ಹೋಸ್ ಕಟ್ಟಿಕೊಂಡರೆ ತೆಳು ಬಕೆಟ್ ಒಳಕ್ಕೆ ಸೊಟ್ಟಗಾಗುತ್ತದೆ; ಗಟ್ಟಿಯದನ್ನೇ ಆರಿಸಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದೊಡನೆ ಖಾಲಿ ಮಾಡಿ.

ಹಂತ 7: ಕರೆಂಟಿನ ಲೆಕ್ಕ ಹಾಕಿ

ಹೊಸಬರು ಇಲ್ಲೇ ಎಡವುವುದು. 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ತಾಳುವುದು ಸುಮಾರು 1,380 ವಾಟ್. 1,200 ವಾಟಿನ ವ್ಯಾಕ್ಯೂಮ್, 1,200 ವಾಟಿನ ಗರಗಸ ಎರಡೂ ಒಂದೇ ಸಣ್ಣ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿದ್ದರೆ ವೈರ್ ಬಿಸಿಯಾಗುತ್ತದೆ. 16 ಆಂಪಿಯರ್ ಪಾಯಿಂಟ್, ಅದಕ್ಕೆ ತಕ್ಕ ದಪ್ಪ ವೈರ್ ಬಳಸಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ.

ಹಂತ 8: ಮೇಲಿನಿಂದ ಕೆಳಕ್ಕೆ ಸ್ವಚ್ಛಮಾಡಿ

ಕೆಲಸ ಮುಗಿದ ತಕ್ಷಣ ಮಾಸ್ಕ್ ತೆಗೆಯಬೇಡಿ. ಗಾಳಿಯಲ್ಲಿ ಧೂಳು ಇನ್ನೂ ಇದೆ. ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆಯಾದರೂ ಓಡಲಿ. ಮೊದಲು ಗೋಡೆಯ ಶೆಲ್ಫ್, ಆಮೇಲೆ ಮೇಜು, ಕೊನೆಗೆ ನೆಲ, ಹೀಗೆ ವ್ಯಾಕ್ಯೂಮ್ ಆಡಿಸಿ. ಪೊರಕೆಯೇ ಗತಿಯಾದರೆ, ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸುವ ಹಾಗೆ ಇಲ್ಲೂ ಒಂದಿಷ್ಟು ಚಿಮುಕಿಸಿ, ಮೆಲ್ಲಗೆ ಗುಡಿಸಿ. ಕಬ್ಬಿಣದ ಉಪಕರಣಗಳಿಗೆ ಮಾತ್ರ ನೀರು ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ.

ಎಚ್ಚರ: ಬ್ಲೋವರ್ ಬೇಡವೇ ಬೇಡ. ಅದು ಕೂತ ಧೂಳನ್ನು ಎಬ್ಬಿಸಿ ನಿಮ್ಮ ಮೂಗಿಗೇ ತಲುಪಿಸುತ್ತದೆ.

ಹಂತ 9: ಹೊಟ್ಟನ್ನು ಬೇರೆ ಬೇರೆ ಚೀಲಕ್ಕೆ ತುಂಬಿ

ಎರಡು ಚೀಲ ಇಡಿ. ಒಂದಕ್ಕೆ ಅಪ್ಪಟ ಮರದ ಸಿಪ್ಪೆ, ಹೊಟ್ಟು. ಇದನ್ನು ಹಸಿ ತರಕಾರಿ ಸಿಪ್ಪೆ, ಸಗಣಿಯ ಜೊತೆ ಬೆರೆಸಿ ಕಾಂಪೋಸ್ಟ್ ಮಾಡಬಹುದು. ಹಸಿ ಹೊಟ್ಟನ್ನು ನೇರವಾಗಿ ಗಿಡದ ಮಣ್ಣಿಗೆ ಬೆರೆಸಬೇಡಿ; ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನು ಹೀರಿ ಎಲೆ ಹಳದಿಯಾಗುತ್ತದೆ. ಇನ್ನೊಂದು ಚೀಲಕ್ಕೆ ಪ್ಲೈವುಡ್, ಎಂಡಿಎಫ್, ಬಣ್ಣ ಬಳಿದ ಮರದ ಧೂಳು. ಇದರಲ್ಲಿ ಅಂಟು, ರಾಸಾಯನಿಕ ಇರುತ್ತದೆ. ಗೊಬ್ಬರಕ್ಕೂ ಬೇಡ, ಒಲೆಗೂ ಬೇಡ. ಬಾಯಿ ಕಟ್ಟಿ ಒಣ ಕಸದವರಿಗೆ ಕೊಡಿ.

ಹಂತ 10: ಬೆಂಕಿಯ ಕಡೆ ಗಮನವಿಡಿ

ಹೊಟ್ಟಿನ ರಾಶಿಯ ಬಳಿ ಬೀಡಿ, ಸಿಗರೇಟು, ಕಬ್ಬಿಣ ಉಜ್ಜುವ ಗ್ರೈಂಡರ್ ಯಾವುದೂ ಸುಳಿಯಬಾರದು. ಲಿನ್‌ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಡಬ್ಬಿಗೆ ಎಸೆಯಲೇಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಸೇರಿ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕೆಂದಿಲ್ಲ. ಈ ವಾರ ಮಾಸ್ಕ್, ಕಿಟಕಿ, ಎರಡು ಚೀಲ. ದುಡ್ಡು ಕೂಡಿದಾಗ ವ್ಯಾಕ್ಯೂಮ್, ಅದರ ನಂತರ ಬಕೆಟ್. ಕೆಲಸ ಹೇಗೆ ಸಾಗಿದೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ: ಕತ್ತಲಾದ ಮೇಲೆ ಕೋಣೆಯ ದೀಪ ಆರಿಸಿ ಟಾರ್ಚ್ ಬಿಡಿ. ಬೆಳಕಿನಲ್ಲಿ ಧೂಳು ದಟ್ಟವಾಗಿ ತೇಲುತ್ತಿದ್ದರೆ, ಎಲ್ಲೋ ಸೋರುತ್ತಿದೆ ಎಂದರ್ಥ. ಮೊದಲು ಹೋಸಿನ ಜೋಡಣೆ ನೋಡಿ, ಆಮೇಲೆ ಫಿಲ್ಟರ್. ಹತ್ತರಲ್ಲಿ ಎಂಟು ಸಲ ತೊಂದರೆ ಇವೆರಡರಲ್ಲೇ ಇರುತ್ತದೆ ಎಂದು ಹೇಳಲಾರೆ, ಆದರೆ ಹುಡುಕಲು ಶುರುಮಾಡಬೇಕಾದ ಜಾಗ ಅದೇ.