ಮೀಟರ್ ಮುಳ್ಳು ಇಳಿದಾಗ

ನೋಡಮ್ಮಾ, ಹ್ಯಾಮ್ ರೇಡಿಯೊ ಲೈಸೆನ್ಸ್ ಬಂತು, ಮಹಡಿಯ ಮೇಲೆ ಆಂಟೆನಾನೂ ಏರಿತು. ಇನ್ನು ಸಿಕ್ಕ ಹ್ಯಾಮ್‌ಗಳೆಲ್ಲ ನಿನ್ನನ್ನು ಕೇಳುವುದು ಒಂದೇ: "ಎಸ್‌ಡಬ್ಲ್ಯುಆರ್ ಎಷ್ಟು?" ಒಂದೂವರೆ ಅಂದರೆ ಭೇಷ್ ಅನ್ನುತ್ತಾರೆ, ಎರಡು ಅಂದರೆ ಮುಖ ಸಿಂಡರಿಸುತ್ತಾರೆ. ಕೊಟ್ಟ ಪವರ್‌ನಲ್ಲಿ ಎಷ್ಟು ಮರಳುತ್ತದೆ ಅನ್ನುವುದರ ಸೂಚಿ ಅದು, ಅಷ್ಟೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಎರಡಿದ್ದಾಗ ಆಂಟೆನಾದಿಂದ ಮರಳುವುದು ಶೇ. 11ರಷ್ಟು ಪವರ್, ಒಂದೂವರೆಯಲ್ಲಿ ಶೇ. 4. ಈ ವ್ಯತ್ಯಾಸ ಆಚೆ ಕೇಳುವವರ ಕಿವಿಗೆ ತಿಳಿಯುವುದೇ ಇಲ್ಲ. ಮೂರಾದರೆ ಕಾಲು ಭಾಗ ಮರಳುತ್ತದೆ. ಆಗ ಈಗಿನ ಸೆಟ್‌ಗಳು ಸಾಮಾನ್ಯವಾಗಿ ತಾವೇ ಪವರ್ ತಗ್ಗಿಸಿಕೊಳ್ಳುತ್ತವೆ.

ನನಗೆ ಅಂಜಿಕೆ ಇರುವುದು ಚೆನ್ನಾಗಿ ಕಾಣುವ ಅಂಕಿಯ ಬಗ್ಗೆ. ಆಂಟೆನಾ ಬದಲು, ಪವರನ್ನೆಲ್ಲ ಬಿಸಿಯಾಗಿಸಿ ನುಂಗುವ ಡಮ್ಮಿ ಲೋಡ್ ಹಾಕಿ ನೋಡು, ಮೀಟರ್ 1 ತೋರಿಸುತ್ತದೆ. ಆದರೆ ನಿನ್ನ ದನಿ ಪಕ್ಕದ ಬೀದಿಯನ್ನೂ ದಾಟುವುದಿಲ್ಲ. ಉದ್ದದ ಕೇಬಲ್ ಮಾಡುವುದೂ ಇದನ್ನೇ. 30 ಮೀಟರ್ ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡಿಬಿ ನುಂಗಿಬಿಡುತ್ತದೆ. ಅಂದರೆ ಕೆಳಗೆ 40 ವ್ಯಾಟ್ ಕೊಟ್ಟರೆ ಮೇಲೆ ಸಿಗುವುದು 10. ಅಲ್ಲಿ ಆಂಟೆನಾದ ತಂತಿ ಕಳಚಿದೆ ಅಂದುಕೋ. ಆ ಹತ್ತೂ ವ್ಯಾಟ್ ಮರಳುತ್ತದೆ, ದಾರಿಯಲ್ಲಿ ಮತ್ತೆ ಸವೆದು ಮೀಟರ್ ಮುಟ್ಟುವಾಗ ಉಳಿಯುವುದು ಎರಡೂವರೆ. ಮೀಟರ್ 1.7 ಅನ್ನುತ್ತದೆ, ನೀನು ಸಮಾಧಾನದಿಂದ "ಸಿಕ್ಯೂ" ಎಂದು ಎಲ್ಲರನ್ನೂ ಕರೆಯುತ್ತ ಕೂತಿರುತ್ತೀಯ!

ಆದ್ದರಿಂದ ಒಮ್ಮೆಯಾದರೂ ಮೀಟರನ್ನು ಮೇಲೆ ಒಯ್ದು ಆಂಟೆನಾದ ಬುಡದಲ್ಲೇ ಅಳೆ. ಅಲ್ಲೇ ಮೀಟರ್‌ಗೆ ಡಮ್ಮಿ ಲೋಡ್ ಸಿಕ್ಕಿಸಿದರೆ ಕೇಬಲ್ ಎಷ್ಟು ತಿಂದಿತು ಅನ್ನುವುದೂ ಗೊತ್ತಾಗುತ್ತದೆ.

ವ್ಯಾಟ್ ಮೀಟರನ್ನೂ ಅದರ ಮಿತಿ ತಿಳಿದು ಓದು. ಹೆಸರಾಂತ ಬರ್ಡ್ 43 ಮೀಟರಿನ ನಿಖರತೆ ಪೂರ್ಣ ಸ್ಕೇಲಿನ ಶೇ. 5ರಷ್ಟು. ಅದಕ್ಕೆ 100 ವ್ಯಾಟಿನ ಎಲಿಮೆಂಟ್ ಹಾಕಿದಾಗ 10 ವ್ಯಾಟ್ ಕಂಡರೆ ಅದು 5 ಇರಬಹುದು, 15 ಕೂಡ ಇರಬಹುದು. ಮುಂದೆ ಹೋಗುವ ಫಾರ್ವರ್ಡ್ ಪವರ್‌ನಿಂದ ಮರಳುವ ರಿಫ್ಲೆಕ್ಟೆಡ್ ಕಳೆದ ಮೇಲೆ ಉಳಿಯುವುದೇ ನಿಜವಾಗಿ ಮೀಟರಿನಿಂದ ಆಚೆ ಹೋದ ಪವರ್. ಎಸ್‌ಎಸ್‌ಬಿಯಲ್ಲಿ ಮಾತಾಡುವಾಗ ಸಾದಾ ಮೀಟರ್ ಮುಳ್ಳು 100 ವ್ಯಾಟಿನ ಸೆಟ್‌ಗೂ 20–30 ತೋರಿಸಿ ಕುಣಿಯುತ್ತದೆ. ಅದು ಸರಾಸರಿ. ಅದನ್ನು ನೋಡಿ ಮೈಕ್ ಗೇನ್ ಏರಿಸಬೇಡ. ದನಿ ಒಡೆದು ಅಕ್ಕಪಕ್ಕದವರಿಗೆಲ್ಲ ಕಾಟವಾಗುತ್ತದೆ.

ಇನ್ನು ಆಂಟೆನಾ ಹೊಂದಿಸುವ ಮಾತು. 7.1 ಮೆಗಾಹರ್ಟ್ಸ್ ಡೈಪೋಲ್‌ಗೆ ಸುಮಾರು 20 ಮೀಟರ್ ತಂತಿ ಬೇಕು. ಎಸ್‌ಡಬ್ಲ್ಯುಆರ್ ತೀರ ಕಡಿಮೆಯಾಗುವ ತಗ್ಗು 6.9ರಲ್ಲಿ ಸಿಕ್ಕರೆ ತಂತಿ ಉದ್ದವಾಗಿದೆ ಅಂತ. ಎರಡೂ ತುದಿ ಸಮನಾಗಿ ಮಡಚಿ ನೋಡು, ಕತ್ತರಿಸುವ ಅವಸರ ಬೇಡ.

ಮೊದಲ ದಿನದ ಅಂಕಿಗಳನ್ನು ಫ್ರೀಕ್ವೆನ್ಸಿ ಸಮೇತ ಲಾಗ್‌ಬುಕ್ಕಿನಲ್ಲಿ ಬರೆದಿಡು. ಮಳೆಗಾಲದಲ್ಲಿ ಎಸ್‌ಡಬ್ಲ್ಯುಆರ್ ತಾನಾಗಿ ಸುಧಾರಿಸಿದರೆ ಹಿಗ್ಗಬೇಡ. ಮೇಲೆ ಹತ್ತಿ ಪಿಎಲ್-259 ಕನೆಕ್ಟರ್ ಬಿಚ್ಚು. ಒಳಗಿನ ತಾಮ್ರದ ಹೆಣಿಗೆ ಕಪ್ಪಿಟ್ಟಿದ್ದರೆ, ಹಸಿರು ಕಿಲುಬು ಕಂಡರೆ, ನೀರು ಇಳಿದಿದೆ. ಕೇಬಲ್ ಹೆಚ್ಚು ನುಂಗತೊಡಗಿದ್ದರಿಂದಲೇ ಮುಳ್ಳು ಇಳಿದಿರುತ್ತದೆ. ಅಂಥದ್ದನ್ನು ಒರೆಸಿ, ಟೇಪು ಸುತ್ತಿ ಮುಂದುವರಿಸಲು ಹೋಗಬೇಡ. ಕೆಟ್ಟಷ್ಟು ಕೇಬಲ್ ಬದಲಿಸಿಬಿಡು.

ಇನ್ನೊಂದು. ಅಳೆಯುವ ಮುಂಚೆ ಆ ಫ್ರೀಕ್ವೆನ್ಸಿಯಲ್ಲಿ ಸ್ವಲ್ಪ ಹೊತ್ತು ಕಿವಿಗೊಡು. ಯಾರಾದರೂ ಇದ್ದೀರಾ ಎಂದು ಕೇಳು, ಕಾಲ್‌ಸೈನ್ ಹೇಳು. 5 ವ್ಯಾಟ್ ಸಾಕು, ಕೆಲವು ಸೆಕೆಂಡ್ ಸಾಕು. ನೆರೆ ಬಂದಾಗ, ಚಂಡಮಾರುತ ಬೀಸಿದಾಗ ಅದೇ ಬ್ಯಾಂಡಿನಲ್ಲಿ ಯಾರೋ ಕ್ಷೀಣವಾಗಿ ಸಂದೇಶ ಕಳಿಸುತ್ತಿರಬಹುದು.