ಪದವಿ ತರಗತಿಯ ಸೆಮಿನಾರು ಮತ್ತು ವಸತಿಯ ಪ್ರಶ್ನೆ: ಕಾರವಾರ–ಅಂಕೋಲಾ ಪರಿಸರವನ್ನು ಅನುಲಕ್ಷಿಸಿ

ಕನ್ನಡದಲ್ಲಿ ‘ವಿಚಾರ ಸಂಕಿರಣ’ ಎಂಬ ಪದವು ಈಗಾಗಲೇ ರೂಢಿಗೆ ಬಂದಿದೆ. ಆದರೆ ಆ ಪದವನ್ನು ಕೇಳಿದೊಡನೆ ಮನಸ್ಸಿಗೆ ಬರುವುದು ವೇದಿಕೆ, ಆಶಯ ಭಾಷಣ, ಗೋಷ್ಠಿಗಳು ಮತ್ತು ಕೊನೆಯಲ್ಲಿ ದೊರೆಯುವ ಪ್ರಮಾಣಪತ್ರ. ಪದವಿ ತರಗತಿಯೊಳಗೆ ವಿದ್ಯಾರ್ಥಿಯೇ ಎದ್ದು ನಿಂತು ಒಂದು ವಿಷಯವನ್ನು ಮಂಡಿಸುವ ಕ್ರಮಕ್ಕೆ ಕನ್ನಡದಲ್ಲಿ ಇನ್ನೂ ಸ್ಥಿರವಾದ ಹೆಸರಿಲ್ಲ. ವಿದ್ಯಾರ್ಥಿಗಳು ಅದನ್ನು ‘ಸೆಮಿನಾರ್ ಕೊಡುವುದು’ ಎನ್ನುತ್ತಾರೆ. ಇಲ್ಲಿಯ ‘ಕೊಡು’ ಎಂಬ ಕ್ರಿಯಾಪದವು ಗಮನಾರ್ಹವಾದುದು. ಶುಲ್ಕ ಕೊಟ್ಟಂತೆ, ಅರ್ಜಿ ಕೊಟ್ಟಂತೆ ಸೆಮಿನಾರನ್ನೂ ಕೊಡಲಾಗುತ್ತದೆ, ಕೊಟ್ಟವನು ಋಣಮುಕ್ತನಾಗುತ್ತಾನೆ. ಕೇಳಿದವರು ಏನು ಮಾಡಿದರು ಎಂಬ ಪ್ರಶ್ನೆ ಆ ಕ್ರಿಯಾಪದದಲ್ಲಿ ಉಳಿಯುವುದೇ ಇಲ್ಲ.

ಮೂಲ ಲ್ಯಾಟಿನ್ನಿನಲ್ಲಿ ಈ ಶಬ್ದಕ್ಕೆ ಬೀಜ ಬಿತ್ತಿ ಸಸಿ ಎಬ್ಬಿಸುವ ಮಡಿ ಎಂದರ್ಥ. ಕರಾವಳಿಯ ಬೇಸಾಯಗಾರರು ‘ಅಗೆ’ ಎಂದು ಕರೆಯುವುದಕ್ಕೆ ಇದು ಸಮೀಪವಾದುದು. ವಿಶ್ವವಿದ್ಯಾಲಯದ ಬೋಧನಾಕ್ರಮವಾಗಿ ಸೆಮಿನಾರು ಜರ್ಮನಿಯಲ್ಲಿ ಬೆಳೆಯಿತು. ಹಾಲೆ ವಿಶ್ವವಿದ್ಯಾಲಯದಲ್ಲಿ 1787ರಲ್ಲಿ ಫ್ರೀಡ್ರಿಕ್ ಆಗಸ್ಟ್ ವೋಲ್ಫ್ ಆರಂಭಿಸಿದ ಭಾಷಾಶಾಸ್ತ್ರೀಯ ಸೆಮಿನಾರು ಅದರ ಪ್ರಸಿದ್ಧ ಆರಂಭಿಕ ನಿದರ್ಶನ. ಅಲ್ಲಿ ಪ್ರಾಚೀನ ಪಠ್ಯವನ್ನು ಮುಂದಿಟ್ಟುಕೊಂಡು ಪಾಠಾಂತರ, ಅರ್ಥ, ವ್ಯಾಕರಣಗಳ ಕುರಿತು ಚರ್ಚೆ ನಡೆಯುತ್ತಿತ್ತು. ಅಂದರೆ ಹುಟ್ಟಿನಲ್ಲಿಯೇ ಇದು ಭಾಷೆ ಮತ್ತು ಪಠ್ಯಗಳ ಅಧ್ಯಯನಕ್ಕೆ ಹೊಂದಿಕೊಂಡ ಕ್ರಮ. ಕನ್ನಡ ವಿಭಾಗಗಳಿಗೆ ಇದು ಹೊರಗಿನಿಂದ ತಂದು ಹೇರಿದ ವಸ್ತುವಾಗಬೇಕಾದ ಕಾರಣವಿಲ್ಲ.

ಇಂತಹ ಚರ್ಚೆಗೆ ಬೇಕಾದುದು ಮುಖ್ಯವಾಗಿ ಕಾಲಾವಕಾಶ. ವಸತಿಯುಕ್ತ ವಿಶ್ವವಿದ್ಯಾಲಯದ ಕಲ್ಪನೆಯ ಹಿಂದಿರುವ ಒಂದು ತರ್ಕವೂ ಇದೇ. ಭಾರತದಲ್ಲಿ ಈ ಕಲ್ಪನೆಗೆ ಅಧಿಕೃತ ಬಲ ದೊರೆತದ್ದು ಸ್ಯಾಡ್ಲರ್ ಅಧ್ಯಕ್ಷತೆಯ ಕಲ್ಕತ್ತಾ ವಿಶ್ವವಿದ್ಯಾಲಯ ಆಯೋಗದಿಂದ (1917–19). ದೂರದ ಕಾಲೇಜುಗಳಿಗೆ ಪರೀಕ್ಷೆ ನಡೆಸಿ ಪದವಿ ಹಂಚುವ ಸಂಯೋಜಕ ವ್ಯವಸ್ಥೆಯ ಮಿತಿಗಳನ್ನು ಎತ್ತಿ ತೋರಿಸಿದ ಆಯೋಗವು, ಬೋಧನೆ ಮತ್ತು ವಸತಿಗಳು ಒಂದೆಡೆ ಇರುವ ವಿಶ್ವವಿದ್ಯಾಲಯಗಳನ್ನು ಸೂಚಿಸಿತು. 1921ರಲ್ಲಿ ಆರಂಭವಾದ ಢಾಕಾ ವಿಶ್ವವಿದ್ಯಾಲಯದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೊಂದು ‘ಹಾಲ್’ಗೆ ಸೇರಿದವನಾಗಿರಬೇಕಿತ್ತು. ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯವು 1930ರ ದಶಕದಲ್ಲಿ ವಸತಿ ಕಾಲೇಜುಗಳನ್ನು ಕಟ್ಟಿತು. ಮುಂದೆ ಅಲ್ಲಿ ಆಯಾ ವಸತಿ ಕಾಲೇಜಿನ ಹೆಸರಿನಲ್ಲಿಯೇ ಪದವಿ ವಿದ್ಯಾರ್ಥಿಗಳಿಗೆ ಸೆಮಿನಾರುಗಳು ನಡೆಯತೊಡಗಿ, ಅವುಗಳ ಆಯ್ಕೆಯಲ್ಲಿ ವಿದ್ಯಾರ್ಥಿಗಳಿಗೂ ಪಾಲು ದೊರೆಯಿತು. ಒಟ್ಟಿಗೆ ವಾಸಿಸುವವರು ತಾವೇನನ್ನು ಓದಬೇಕೆಂಬುದನ್ನು ಕೂಡಿ ಯೋಚಿಸುವುದು ಈ ಪದ್ಧತಿಯ ತಿರುಳು.

ಕನ್ನಡ ನಾಡಿನಲ್ಲಿ ವಸತಿಗೂ ಬೋಧನೆಗೂ ಇಂತಹ ನಂಟು ಬೆಳೆಯಲಿಲ್ಲ. ಮುಂಬಯಿ ಕರ್ನಾಟಕದ ಕಾಲೇಜುಗಳು 1949ರವರೆಗೆ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಘಟ್ಟದ ಕೆಳಗಿನ ಹುಡುಗರಿಗೆ ಹತ್ತಿರದ ಉನ್ನತ ಶಿಕ್ಷಣದ ದಾರಿಯೊಂದು ತೆರೆಯಿತೆಂಬುದು ನಿಜ. ಆದರೆ ವಸತಿ ಎಂದರೆ ಬಹುಮಟ್ಟಿಗೆ ಸಮುದಾಯಗಳ ವಿದ್ಯಾರ್ಥಿನಿಲಯ, ಮಠದ ಪ್ರಸಾದ ನಿಲಯ, ಬಾಡಿಗೆಯ ಕೋಣೆ ಅಥವಾ ವಾರಾನ್ನ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದವರ ಸ್ಮರಣೆಗಳು ಕನ್ನಡದ ಆತ್ಮಕಥನಗಳಲ್ಲಿ ಹೇರಳವಾಗಿವೆ. ಅಲ್ಲಿ ಅನ್ನದ ಚಿಂತೆ ಇದೆ, ಔದಾರ್ಯದ ನೆನಪಿದೆ, ಕೆಲವೊಮ್ಮೆ ಅವಮಾನದ ಕಹಿಯೂ ಇದೆ. ಹಾಸ್ಟೆಲ್ಲು ಕಾಲೇಜಿನ ತರಗತಿಯನ್ನು ಮುಂದುವರಿಸಿದ ಚಿತ್ರ ಮಾತ್ರ ವಿರಳ. ಜಾತಿವಾರು ನಿಲಯಗಳು ಶಿಕ್ಷಣವಂಚಿತರಿಗೆ ಬಾಗಿಲು ತೆರೆದವು; ಆದರೆ ವಿಭಿನ್ನ ಹಿನ್ನೆಲೆಯವರು ಕೂಡಿ ಚರ್ಚಿಸುವ ಸ್ಥಳವಾಗುವುದು ಅವುಗಳ ರಚನೆಯಿಂದಲೇ ಕಷ್ಟವಾಗಿತ್ತು.

ಈ ಹಿನ್ನೆಲೆಯಲ್ಲಿ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜು ಆರಂಭವಾದದ್ದನ್ನು ನೋಡಬೇಕು. ದಿನಕರ ದೇಸಾಯಿ (1909–1982) ಚುಟುಕಗಳ ಕವಿಯೆಂದು ನಾಡಿಗೆಲ್ಲ ಪರಿಚಿತರು. ಉತ್ತರ ಕನ್ನಡದಲ್ಲಿ ಅವರು ರೈತ ಹೋರಾಟದ ನಾಯಕರು, ಅದಕ್ಕಾಗಿ ಜಿಲ್ಲೆಯಿಂದ ಗಡಿಪಾರಾದವರು. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. ಗೋಖಲೆಯವರ ಜನ್ಮಶತಾಬ್ದಿಯ ವರ್ಷದಲ್ಲಿ ತೆರೆದ ಕಾಲೇಜಿಗೆ ಅವರ ಹೆಸರನ್ನೇ ಇಟ್ಟದ್ದು ಔಚಿತ್ಯಪೂರ್ಣ. ಗೋಖಲೆ ಸ್ವತಃ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದವರು, 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದವರು.

ಊರಿಗೇ ಕಾಲೇಜು ಬಂದುದರ ಪರಿಣಾಮ ದೊಡ್ಡದು. ಧಾರವಾಡದಲ್ಲಿ ಮಗನನ್ನು ಇರಿಸಿ ಓದಿಸುವ ಶಕ್ತಿಯಿಲ್ಲದ ಗೇಣಿದಾರನಿಗೆ, ಮಗಳನ್ನು ಪರವೂರಿಗೆ ಕಳುಹಿಸಲು ಹಿಂಜರಿಯುತ್ತಿದ್ದ ತಾಯ್ತಂದೆಯರಿಗೆ ಪದವಿ ಶಿಕ್ಷಣ ಕೈಗೆಟುಕಿತು. ಇಲ್ಲಿ ಒಂದು ವಿನಿಮಯ ನಡೆದಿದೆ. ವಸತಿಯಿಂದ ದೊರೆಯಬಹುದಾಗಿದ್ದ ಕಾಲಾವಕಾಶವನ್ನು ಬಿಟ್ಟುಕೊಟ್ಟು ಪ್ರವೇಶಾವಕಾಶವನ್ನು ಪಡೆಯಲಾಗಿದೆ. ಈ ವಿನಿಮಯ ಸರಿಯಾದುದೇ. ಆದರೆ ಅದರ ಬೆಲೆಯನ್ನು ತೆತ್ತದ್ದು ಸೆಮಿನಾರು ಎಂಬುದನ್ನು ಮರೆಯಲಾಗದು. ಕಾಕತಾಳೀಯವೆಂಬಂತೆ ಅದೇ 1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗವು, ಔಪಚಾರಿಕ ತರಗತಿಗಳ ಅವಧಿಯನ್ನು ತುಸು ತಗ್ಗಿಸಿ ಉಳಿದ ವೇಳೆಯನ್ನು ಸ್ವಂತ ಓದು, ಪ್ರಬಂಧ ಬರವಣಿಗೆ, ಸಣ್ಣ ಸಂಶೋಧನೆಗಳಿಗೆ ಬಳಸಬೇಕೆಂದು ಹೇಳಿತು. ಆ ಉಳಿದ ವೇಳೆ ಎಲ್ಲಿ ಕಳೆಯಬೇಕು? ಕಾರವಾರ ತಾಲೂಕಿನ ಕಿನ್ನರದಂತಹ ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಬರುವ ವಿದ್ಯಾರ್ಥಿನಿಗೆ ಕೊನೆಯ ಪಿರಿಯಡ್ಡಿನ ನಂತರ ಉಳಿಯುವುದು ಬಸ್ಸಿನ ವೇಳೆ ಮಾತ್ರ. ಚರ್ಚೆ ಕಾವೇರುವ ಹೊತ್ತಿಗೆ ಆಕೆ ಚೀಲ ಎತ್ತಿಕೊಳ್ಳಬೇಕಾಗುತ್ತದೆ.

ಕರ್ನಾಟಕ ವಿಶ್ವವಿದ್ಯಾಲಯವು 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಜಾರಿಗೆ ತಂದ ಪದವಿ ಪಠ್ಯಕ್ರಮದಲ್ಲಿ ಸೆಮಿನಾರು ಅಂಕಪಟ್ಟಿಯೊಳಗೆ ಪ್ರವೇಶಿಸಿತು. ಪತ್ರಿಕೆಯ ಒಟ್ಟು ಅಂಕಗಳಲ್ಲಿ ಶೇ. 40 ಆಂತರಿಕ ಮೌಲ್ಯಮಾಪನಕ್ಕೆ. ಅದರಲ್ಲಿ ಎರಡು ಕಿರುಪರೀಕ್ಷೆಗಳಿಗೆ ತಲಾ ಶೇ. 10, ಸೆಮಿನಾರಿಗೆ ಶೇ. 10, ನಿಯೋಜಿತ ಬರಹ ಅಥವಾ ಕ್ಷೇತ್ರಕಾರ್ಯಕ್ಕೆ ಶೇ. 10. ಅಂಕ ದೊರೆತದ್ದು ಸೆಮಿನಾರಿಗೆ ಸಂದ ಮಾನ್ಯತೆ. ಅದೇ ಅದರ ಇಕ್ಕಟ್ಟೂ ಹೌದು. ದೊಡ್ಡ ತರಗತಿಯೊಂದರಲ್ಲಿ ಪ್ರತಿಯೊಬ್ಬರೂ ಪ್ರತಿ ಪತ್ರಿಕೆಗೂ ಸೆಮಿನಾರು ‘ಕೊಡ’ಬೇಕಾದಾಗ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಗೈಡಿನಿಂದ ಇಳಿಸಿಕೊಂಡ ಕವಿಚರಿತ್ರೆಯನ್ನು ತಗ್ಗಿದ ತಲೆಯಿಂದ ಓದಿ ಮುಗಿಸುವುದು, ಉಳಿದವರು ತಮ್ಮ ಸರದಿಯ ಹಾಳೆಯನ್ನು ನೋಡಿಕೊಳ್ಳುತ್ತ ಕೂರುವುದು ಇದರ ಸಹಜ ಫಲ. ಪಾಠದ ಹೊಣೆಯ ಬಹುಪಾಲನ್ನು ವರ್ಷ ವರ್ಷ ಬದಲಾಗಬಹುದಾದ ಅತಿಥಿ ಉಪನ್ಯಾಸಕರ ಮೇಲೆ ಹೊರಿಸಿದ ಕಡೆ, ಒಂದು ಸೆಮಿಸ್ಟರಿನ ಚರ್ಚೆಯನ್ನು ಮುಂದಿನದಕ್ಕೆ ಒಯ್ಯುವವರೂ ಇರುವುದಿಲ್ಲ.

ಆದರೆ ಈ ಪರಿಸರದ ವಿದ್ಯಾರ್ಥಿ ಮೌನವಾಗಿರುವುದಕ್ಕೆ ಕಾಲಾವಕಾಶದ ಕೊರತೆಯೊಂದೇ ಕಾರಣವಲ್ಲ, ಭಾಷೆಯೂ ಕಾರಣ. ಕಾರವಾರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಅಂಕೋಲೆಯ ಕಡೆ ಹಾಲಕ್ಕಿ ಒಕ್ಕಲಿಗರ ಕನ್ನಡವಿದೆ, ನಾಡವರ, ನಾಮಧಾರಿಗಳ ಕನ್ನಡವಿದೆ. ಇವರೆಲ್ಲರೂ ಸೆಮಿನಾರಿನಲ್ಲಿ ಪಠ್ಯಪುಸ್ತಕದ ಕನ್ನಡವನ್ನೇ ಆಡಬೇಕು. ಬಾಯಿ ತೆರೆದರೆ ತಿದ್ದುಪಡಿ ಬರುವುದೆಂದು ತಿಳಿದವನು ಹಾಳೆ ನೋಡಿ ಓದುವುದು ಸೋಮಾರಿತನವಲ್ಲ, ಆತ್ಮರಕ್ಷಣೆ.

ಇಲ್ಲಿಯೇ ಮನೆಯಿಂದ ಬಂದುಹೋಗುವ ವಿದ್ಯಾರ್ಥಿಯ ಸ್ಥಿತಿ ಬೇರೊಂದು ಮುಖವನ್ನು ತೋರಿಸುತ್ತದೆ. ವಸತಿ ಕಾಲೇಜಿನವನಿಗೆ ಕಾಲಾವಕಾಶವಿದೆ, ಆದರೆ ಆತ ತನ್ನ ಊರಿನಿಂದ ಕಳಚಿಕೊಂಡಿದ್ದಾನೆ. ದಿನವೂ ಸಂಜೆ ಹಳ್ಳಿಗೆ ಮರಳುವವನು ಅಧ್ಯಯನದ ಆಕರಕ್ಕೇ ಮರಳುತ್ತಾನೆ. ಎ. ಎಸ್. ಆಚಾರ್ಯ ಅವರು ಹಾಲಕ್ಕಿ ಕನ್ನಡವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಭಾಷಾವೈಜ್ಞಾನಿಕ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು 1967ರಲ್ಲಿ, ಅಂದರೆ ಅಂಕೋಲೆಯ ಕಾಲೇಜು ಆರಂಭವಾದ ಮರುವರ್ಷವೇ, ಪ್ರಕಟಿಸಿತು. ಅದರಲ್ಲಿ ದಾಖಲಾದ ರೂಪಗಳು ಇಂದು ಹೇಗಿವೆ, ಅಜ್ಜಿ ಆಡುವ ಯಾವ ಪದವನ್ನು ಮೊಮ್ಮಗಳು ಬಿಟ್ಟಿದ್ದಾಳೆ ಎಂಬುದನ್ನು ಪರೀಕ್ಷಿಸಲು ಹಾಲಕ್ಕಿ ವಿದ್ಯಾರ್ಥಿನಿಗಿಂತ ಸಮರ್ಥರು ಯಾರು? ಅಂತಹ ಸೆಮಿನಾರಿನಲ್ಲಿ ತಿದ್ದುವ ಅಧಿಕಾರ ಆಕೆಯ ಕೈಗೆ ಬರುತ್ತದೆ.

ಹಾಡುಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಶಾಲೆಯ ಮೆಟ್ಟಿಲು ಹತ್ತದೆಯೇ ಹಾಲಕ್ಕಿ ಹಾಡುಗಳ ದೊಡ್ಡ ಭಂಡಾರವನ್ನು ನೆನಪಿನಲ್ಲಿ ಕಾಪಾಡಿದವರು. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇಂತಹ ಒಂದು ಹಾಡನ್ನು ವಿದ್ಯಾರ್ಥಿಯೊಬ್ಬ ಧ್ವನಿಮುದ್ರಿಸಿ ತಂದನೆಂದಿಟ್ಟುಕೊಂಡರೆ, ಅದನ್ನು ಬರೆಯುವುದು ಹೇಗೆ ಎಂಬಲ್ಲಿಂದಲೇ ಚರ್ಚೆ ಆರಂಭವಾಗಬೇಕು. ಕೇಳಿದಂತೆ ಬರೆದರೆ ಹೊರಗಿನ ಓದುಗನಿಗೆ ಅರ್ಥವಾಗದು. ಶಿಷ್ಟರೂಪಕ್ಕೆ ತಂದರೆ ಲಯ ಮುರಿಯುತ್ತದೆ, ಕೆಲವೊಮ್ಮೆ ಅರ್ಥವೂ ಜಾರುತ್ತದೆ. ಎಳೆದು ಹಾಡಿದ ಸ್ವರವನ್ನು ದೀರ್ಘವೆಂದು ಬರೆಯಬೇಕೇ? ಪುನರಾವರ್ತನೆಗೊಂಡ ಸೊಲ್ಲನ್ನು ಕೈಬಿಡಬಹುದೇ? ಒಂದೇ ಹಾಡನ್ನು ಇಬ್ಬರು ಹೆಂಗಸರು ಬೇರೆ ಬೇರೆಯಾಗಿ ಹಾಡಿದರೆ ಯಾವುದು ಮೂಲ? ಪಂಪಭಾರತದ ಓಲೆಗರಿಗಳನ್ನು ಎದುರಿಸಿದ ಸಂಪಾದಕರಿಗೂ ಪಾಠಾಂತರದ ಇಂತಹುದೇ ಸಮಸ್ಯೆಗಳಿದ್ದವು. ಗ್ರಂಥಸಂಪಾದನಾಶಾಸ್ತ್ರವನ್ನು ವ್ಯಾಖ್ಯೆಗಳ ಮೂಲಕ ಕಂಠಪಾಠ ಮಾಡಿಸುವ ಬದಲು ಈ ಒಂದು ಹಾಡಿನ ಎರಡು ಪಾಠಗಳನ್ನು ಮುಂದಿಟ್ಟರೆ ಪದವಿ ವಿದ್ಯಾರ್ಥಿಗೆ ಶಾಸ್ತ್ರದ ಅಗತ್ಯವೇ ಮನವರಿಕೆಯಾಗುತ್ತದೆ.

ಕೊಂಕಣಿ ಮನೆಮಾತಿನವರಿಗೆ ಇಂತಹ ಅವಕಾಶವಿಲ್ಲವೆಂದೇನೂ ಅಲ್ಲ. ಹೊಳೆಗಳು ಕಡಲು ಸೇರುವಲ್ಲಿ, ಉಪ್ಪುನೀರು ನುಗ್ಗದಂತೆ ಕಟ್ಟೆ ಹಾಕಿ ಭತ್ತ ಬೆಳೆಯುವ ತಗ್ಗು ಭೂಮಿಗೆ ಅಂಕೋಲಾ–ಕುಮಟಾ ಭಾಗದ ಕನ್ನಡದಲ್ಲಿ ‘ಗಜನಿ’ ಎಂಬ ಹೆಸರಿದೆ. ಉಪ್ಪು ತಾಳಿಕೊಳ್ಳುವ ‘ಕಗ್ಗ’ ಭತ್ತ ಅಲ್ಲಿಯದು. ಗೋವೆಯ ಕೊಂಕಣಿಯಲ್ಲಿ ಇಂತಹುದೇ ಭೂಮಿಗೆ ‘ಖಾಜನ್’ ಎನ್ನುತ್ತಾರೆ. ಎರಡು ಪದಗಳ ಹೋಲಿಕೆ ಎದ್ದು ಕಾಣುವಂತಹುದು. ಯಾವುದು ಯಾವುದರಿಂದ ಬಂತು, ನಡುವೆ ಕಾರವಾರದಲ್ಲಿ ಯಾವ ರೂಪ ಬಳಕೆಯಲ್ಲಿದೆ, ಕಟ್ಟೆ, ತೂಬು, ಸರದಿ ಕಾವಲುಗಳಿಗೆ ಎರಡೂ ಭಾಷೆಗಳಲ್ಲಿ ಏನೆನ್ನುತ್ತಾರೆ ಎಂಬುದನ್ನು ಕೇಳಿ ಬರುವಂತೆ ಹೇಳಿದರೆ ಕಿನ್ನರದ ವಿದ್ಯಾರ್ಥಿನಿಗೆ ಕೊಂಕಣಿ ಅಡ್ಡಿಯಾಗದೆ ಆಕರವಾಗುತ್ತದೆ. ಕನ್ನಡ ತರಗತಿಯಲ್ಲಿ ಕೊಂಕಣಿಗೇನು ಕೆಲಸ ಎಂಬ ಆಕ್ಷೇಪ ಬರಬಹುದು. ಗಡಿಯ ಜಿಲ್ಲೆಯಲ್ಲಿ ಕನ್ನಡದ ಶಬ್ದಸಂಪತ್ತನ್ನು ನೆರೆಭಾಷೆಯಿಂದ ಬೇರ್ಪಡಿಸಿ ಅಭ್ಯಸಿಸುವುದೇ ಅಶಾಸ್ತ್ರೀಯವೆಂದು ಅದಕ್ಕೆ ಉತ್ತರಿಸಬೇಕಾಗುತ್ತದೆ.

ಊರಿನಿಂದ ತಂದದ್ದೆಲ್ಲವೂ ವಿದ್ವತ್ತೆಂದು ಇದರ ಅರ್ಥವಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ–ಅಂಕೋಲಾ ನಡುವಿನ ಕರಾವಳಿಯ ಕುಟುಂಬಗಳು ಮನೆ, ಹೊಲಗಳನ್ನು ಬಿಟ್ಟೆದ್ದವು. ನಿರಾಶ್ರಿತ ಕುಟುಂಬದ ವಿದ್ಯಾರ್ಥಿ ಆ ಕುರಿತು ಮಾತನಾಡಿದರೆ ತರಗತಿ ಮರುಕದಿಂದ ಆಲಿಸೀತು. ಸೆಮಿನಾರು ಅಲ್ಲಿಗೆ ಮುಗಿಯಬಾರದು. ಕೇರಿ, ಗದ್ದೆ, ದೈವದ ನೆಲೆಗಳ ಹೆಸರುಗಳಲ್ಲಿ ಯಾವುವು ಪುನರ್ವಸತಿ ಕಾಲನಿಗೆ ಬಂದಿವೆ, ಯಾವುವು ಹಿರಿಯರ ಬಾಯಲ್ಲಿ ಮಾತ್ರ ಉಳಿದಿವೆ, ಹೇಳಿದವರ ಮಾತು ಹಳೆಯ ಕಂದಾಯ ದಾಖಲೆಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗಳನ್ನು ಸಹಪಾಠಿಗಳೇ ಕೇಳಬೇಕು. ಇದಕ್ಕೆ ಹತ್ತು ನಿಮಿಷದ ಓದು ಸಾಲದು. ಒಂದು ಸೆಮಿಸ್ಟರಿಗೆ ಎಲ್ಲ ಪತ್ರಿಕೆಗಳಿಗೂ ಸೇರಿಸಿ ಒಬ್ಬ ವಿದ್ಯಾರ್ಥಿಗೆ ಒಂದೇ ಸೆಮಿನಾರು ಇಟ್ಟು, ಮೊದಲ ಮಂಡನೆ ಮತ್ತು ಪರಿಷ್ಕೃತ ಮಂಡನೆಗಳ ನಡುವೆ ಕೆಲವು ವಾರಗಳ ಅಂತರ ಕೊಡುವುದು ಕಾರ್ಯಸಾಧ್ಯ. ಬಸ್ಸಿನ ವೇಳೆಯನ್ನು ಬದಲಿಸಲಾಗದಿದ್ದರೂ ಸೆಮಿನಾರನ್ನು ಮಧ್ಯಾಹ್ನದ ಮೊದಲ ಅವಧಿಗಳಿಗೆ ತರಬಹುದು.

2024ರ ಮೇ ತಿಂಗಳಲ್ಲಿ ರಾಜ್ಯ ಸರಕಾರವು ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, 2024–25ರಿಂದ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮಗಳು ಮತ್ತೊಮ್ಮೆ ಬರೆಯಲ್ಪಟ್ಟವು. ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಚೌಕಟ್ಟು ಬದಲಾದಾಗ ಅಧ್ಯಾಪಕರ ಗಮನವೆಲ್ಲ ಪತ್ರಿಕೆಗಳ ಹೆಸರು, ಕ್ರೆಡಿಟ್ಟು, ಅಂಕಹಂಚಿಕೆಗಳ ಕಡೆ ಹರಿದದ್ದು ಸ್ವಾಭಾವಿಕ. ಒಂದು ಹಾಡಿನ ಎರಡು ಪಾಠಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯಲು ಮಾತ್ರ ಯಾವ ಚೌಕಟ್ಟಿನ ಅನುಮತಿಯೂ ಬೇಕಾಗಿಲ್ಲ.