ಪ್ರಕೃತಿಯ ಹಾನಿಗೆ ಮಾನವನು ಹೊಣೆಗಾರನೇ? ಬೆಂಗಳೂರಿನ ಕೆರೆಗಳಿಂದ ಒಂದು ಪಾಠ

ಪ್ರಕೃತಿಯು ದಿನೇ ದಿನೇ ಕೆಡುತ್ತಿರುವುದೆಂಬ ಮಾತನ್ನು ಈಗ ಒಪ್ಪದವರು ವಿರಳ. ಆದರೆ ಕೆಡಿಸುತ್ತಿರುವವರು ಯಾರೆಂದು ಕೇಳಿದ ಕೂಡಲೆ ಉತ್ತರಗಳು ಭಿನ್ನವಾಗುವುವು. ಕೆಲವರು ಸಕಲ ದೋಷವನ್ನೂ ಮಾನವನ ಮೇಲೆ ಹೊರಿಸಿ, ಅವನು ಹುಟ್ಟದೆ ಇದ್ದಿದ್ದರೆ ಭೂಮಿಯು ನಂದನವನವಾಗಿಯೇ ಉಳಿಯುತ್ತಿತ್ತೆನ್ನುವರು. ಮತ್ತೆ ಕೆಲವರು, ಬರಗಾಲವೂ ನೆರೆಯೂ ಮನುಷ್ಯನಿಗಿಂತ ಹಳೆಯವು, ಎಲ್ಲವೂ ಕಾಲಧರ್ಮ, ನಮ್ಮ ಕೈಯಲ್ಲಿ ಏನಿದೆ ಎಂದು ಸುಮ್ಮನಾಗುವರು. ನಮ್ಮ ಶಾಲೆಯ ಮೇಲ್ತರಗತಿಯ ಬಾಲಿಕೆಯರು ತಮ್ಮ ಚರ್ಚಾಕೂಟದಲ್ಲಿ ಈ ವಿಷಯವನ್ನೆತ್ತಿಕೊಂಡಾಗಲೂ ಈ ಎರಡು ಪಕ್ಷಗಳೇ ಎದುರುಬದುರಾಗಿ ನಿಂತವು. ಎರಡೂ ಒಂದು ವಿಷಯದಲ್ಲಿ ಸಮಾನವೆಂದು ನನಗೆ ತೋರುತ್ತದೆ. ಮೊದಲನೆಯದನ್ನು ನಂಬಿದವಳೂ ಎರಡನೆಯದನ್ನು ನಂಬಿದವಳೂ ನಾಳೆ ಬೆಳಗ್ಗೆ ಎದ್ದು ಮಾಡಬೇಕಾದ ಕೆಲಸ ಯಾವುದೂ ಇರುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸುವುದು ಉಚಿತವೆಂದು ಭಾವಿಸಿದ್ದೇನೆ. ಮೊದಲು ಎರಡನೆಯ ಪಕ್ಷದ ಆಕ್ಷೇಪಣೆಯನ್ನು ಪರಿಶೀಲಿಸಿ, ಬಳಿಕ ನಮಗೆ ಪರಿಚಿತವಾದ ಬೆಂಗಳೂರಿನ ಕೆರೆಗಳನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ.

೧. ಕಾಲಧರ್ಮವೆಂಬ ಆಕ್ಷೇಪಣೆ

ಪ್ರಕೃತಿಯು ತಾನಾಗಿಯೇ ಬದಲಾಗುವುದು ನಿಜ. ಹಿಮಯುಗಗಳು ಬಂದು ಹೋದುವು. ಸುಮಾರು ಆರು ಕೋಟಿ ಅರುವತ್ತು ಲಕ್ಷ ವರ್ಷಗಳ ಹಿಂದೆ ಡೈನೊಸಾರುಗಳು ಅಳಿದಾಗ ಮನುಷ್ಯನು ಭೂಮಿಯ ಮೇಲೆ ಇರಲೇ ಇಲ್ಲ. ಆದರೆ ಹಿಂದೆ ಜನರು ರೋಗದಿಂದ ಸಾಯುತ್ತಿದ್ದರೆಂಬ ಕಾರಣದಿಂದ ಇಂದಿನ ಸಾವು ಕೊಲೆಯಲ್ಲವೆಂದು ಯಾವ ನ್ಯಾಯಾಧಿಪತಿಯೂ ತೀರ್ಪು ಕೊಡನು. ಅವನು ಸಾಕ್ಷ್ಯವನ್ನು ನೋಡುವನು.

ಭೂಮಿಯ ಉಷ್ಣವು ಏರುತ್ತಿರುವ ವಿಷಯದಲ್ಲಿ ಸಾಕ್ಷ್ಯವು ಸ್ಪಷ್ಟವಾಗಿದೆ. ಯಂತ್ರಗಳ ಯುಗಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲಾಮ್ಲವು ಸುಮಾರು ೨೮೦ ಪಾಲಿತ್ತು. ಈಗ ಅದು ೪೨೦ನ್ನು ಮೀರಿದೆ. ಹೆಚ್ಚಿದ ಇಂಗಾಲವು ಎಲ್ಲಿಂದ ಬಂದಿತೆಂಬುದನ್ನೂ ವಿಜ್ಞಾನಿಗಳು ಗುರುತಿಸಬಲ್ಲರು. ಭೂಮಿಯೊಳಗೆ ಕೋಟ್ಯಂತರ ವರ್ಷ ಹುದುಗಿದ್ದ ಕಲ್ಲಿದ್ದಲು ಎಣ್ಣೆಗಳಲ್ಲಿ ವಿಕಿರಣಶೀಲ ಇಂಗಾಲವು ಉಳಿದಿರುವುದಿಲ್ಲ. ಅವನ್ನು ಸುಟ್ಟಂತೆಲ್ಲ ಗಾಳಿಯಲ್ಲಿ ಆ ಜಾತಿಯ ಇಂಗಾಲದ ಪ್ರಮಾಣವು ತೆಳುವಾಗುವುದು. ಮತ್ತು ಸೂರ್ಯನ ತಾಪವೇ ಹೆಚ್ಚಿದ್ದರೆ ವಾಯುಮಂಡಲದ ಮೇಲ್ಪದರವೂ ಕಾಯಬೇಕಾಗಿತ್ತು; ಕೆಳಪದರವು ಕಾಯುತ್ತಿರುವಾಗ ಮೇಲ್ಪದರವು ತಣ್ಣಗಾಗುತ್ತಿದೆ. ಇವೇ ಮೊದಲಾದ ಕಾರಣಗಳಿಂದ ನಾನಾ ದೇಶಗಳ ವಿಜ್ಞಾನಿಗಳ ಮಂಡಲಿಯು ೨೦೨೧ರ ತನ್ನ ವರದಿಯಲ್ಲಿ, ಭೂಮಿಯು ಮಾನವನ ಕಾರ್ಯಗಳಿಂದಲೇ ಕಾದಿರುವುದು ನಿಸ್ಸಂಶಯವೆಂದು ಹೇಳಿತು.

ಇಲ್ಲಿಗೆ ಕಾಲಧರ್ಮದ ವಾದವು ಬಿದ್ದಂತಾಯಿತು. ಆದರೆ ಮಾನವನು ಸ್ವಭಾವತಃ ವಿನಾಶಕನೆಂಬ ಮೊದಲನೆಯ ವಾದವು ನಿಂತಿತೆಂದು ತಿಳಿಯಬಾರದು. ಅದರ ಪರೀಕ್ಷೆಗೆ ಕೆರೆಗಳ ಬಳಿಗೆ ಹೋಗೋಣ.

೨. ಕೆರೆಯನ್ನು ಕಟ್ಟಿದ ಕೈ

ಬೆಂಗಳೂರು ಎತ್ತರದ ದಿಣ್ಣೆಯ ಮೇಲೆ ಇರುವ ಊರು. ಇಲ್ಲಿ ವರ್ಷವೆಲ್ಲ ಹರಿಯುವ ದೊಡ್ಡ ಹೊಳೆಯಿಲ್ಲ. ಬಿದ್ದ ಮಳೆಯು ಮೂರು ಕಣಿವೆಗಳಲ್ಲಿ ಇಳಿದು ಹೋಗುವುದು. ಪೂರ್ವಿಕರು ಈ ಕಣಿವೆಗಳಿಗೆ ಅಡ್ಡಲಾಗಿ ಏರಿಗಳನ್ನು ಹಾಕಿ, ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುವಂತೆ ಸರಪಣಿಯಾಗಿ ಕೆರೆಗಳನ್ನು ಕಟ್ಟಿದರು. ಅಗರದ ಕೆರೆಗಳಿಗೆ ತೂಬು ಇಡಿಸಿದ ಸಂಗತಿಯನ್ನು ಒಂಬತ್ತನೆಯ ಶತಮಾನದ ಗಂಗರ ಕಾಲದ ಶಿಲಾಶಾಸನವೊಂದು ತಿಳಿಸುತ್ತದೆ. ಧರ್ಮಾಂಬುಧಿ ಕೆಂಪಾಂಬುಧಿ ಕೆರೆಗಳನ್ನು ಕೆಂಪೇಗೌಡರ ಹೆಸರಿನೊಡನೆ ಜನರು ಇಂದಿಗೂ ಸ್ಮರಿಸುವರು.

ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಈ ಕೆರೆಗಳು ಪ್ರಕೃತಿಯ ಸೃಷ್ಟಿಯಲ್ಲ, ಮನುಷ್ಯನ ಸೃಷ್ಟಿ. ಆದರೂ ನೀರು ನಿಂತ ಕೂಡಲೆ ಮೀನು ಬಂದಿತು, ಜೊಂಡು ಬೆಳೆಯಿತು, ಬೆಳ್ಳಕ್ಕಿಗಳೂ ನೀರುಕಾಗೆಗಳೂ ಬಂದು ಬೀಡುಬಿಟ್ಟವು, ಸುತ್ತಣ ಬಾವಿಗಳಲ್ಲಿ ಜಲವು ಏರಿತು. ಮನುಷ್ಯನು ತನ್ನ ಗದ್ದೆಗೆಂದು ಮಾಡಿದ ಕೆಲಸವು ನೂರಾರು ಜೀವಿಗಳಿಗೆ ಆಶ್ರಯವಾಯಿತು. ಕೆರೆಯು ತಾನಾಗಿ ಉಳಿಯತಕ್ಕದ್ದೂ ಅಲ್ಲ. ಪ್ರತಿ ಮಳೆಯೂ ಮಣ್ಣನ್ನು ತಂದು ಹಾಕುವುದರಿಂದ, ಸುಮ್ಮನೆ ಬಿಟ್ಟರೆ ಅದು ಕಾಲಕ್ರಮದಲ್ಲಿ ತುಂಬಿ ಬಯಲಾಗುವುದು. ಆ ಕಾರಣದಿಂದಲೇ ಬೇಸಗೆಯಲ್ಲಿ ಹೂಳೆತ್ತುವ ವಾಡಿಕೆಯಿತ್ತು. ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ತೂಬನ್ನು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚಲು ನೀರುಗಂಟಿಯು ಇದ್ದನು. ಮಾನವನ ಹಸ್ತವು ಸೋಕಿದುದೆಲ್ಲ ಹಾಳಾಗುವುದೆಂಬುದು ನಿಜವಾಗಿದ್ದರೆ, ಕೆರೆಯೆಂಬ ವಸ್ತುವೇ ಇರುತ್ತಿರಲಿಲ್ಲ.

೩. ಕೆರೆ ಕೆಟ್ಟ ಬಗೆ

ಹಾಗಾದರೆ ಅದೇ ಕೈಯಿಂದ ಕೆರೆಗಳು ಕೆಟ್ಟುದು ಹೇಗೆ? ದುಷ್ಟನೊಬ್ಬನು ಒಂದು ದಿನ ಬಂದು ಕೆಡಿಸಲಿಲ್ಲ. ೧೮೯೦ರ ದಶಕದಲ್ಲಿ ಹೆಸರಘಟ್ಟದಿಂದಲೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ, ೧೯೭೪ರಲ್ಲಿ ಕಾವೇರಿಯಿಂದಲೂ ಕೊಳಾಯಿ ನೀರು ನಗರಕ್ಕೆ ಬಂದಿತು. ಕಾವೇರಿಯ ನೀರನ್ನು ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಮೇಲಕ್ಕೆ ಎತ್ತಿ ತರಬೇಕಾಗಿದೆ. ಇದು ಮಹತ್ತಾದ ಉಪಕಾರ. ಅದರಿಂದ ಎಷ್ಟೋ ರೋಗಗಳು ತಪ್ಪಿದುವು, ಎಷ್ಟೋ ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡ ಇಳಿಯಿತು. ಆದರೆ ಕೊಡವು ಕೆರೆಗೆ ಹೋಗುವುದು ನಿಂತ ದಿನದಿಂದ ಕಣ್ಣೂ ಕೆರೆಯ ಕಡೆಗೆ ಹೋಗುವುದು ನಿಂತಿತು. ಗದ್ದೆಗಳು ನಿವೇಶನಗಳಾದ ಮೇಲೆ ನೀರುಗಂಟಿಗೆ ಕೆಲಸವಿಲ್ಲದಾಯಿತು. ಕಾಯುವವನಿಲ್ಲದ ಕೆರೆಯು ಬರೀ ಖಾಲಿ ಜಾಗವಾಗಿ ಕಾಣತೊಡಗಿತು.

ಮುಂದೆ ನಡೆದುದಕ್ಕೆಲ್ಲ ಒಂದೊಂದು ಒಳ್ಳೆಯ ಕಾರಣವಿತ್ತು. ಸೊಳ್ಳೆಗಳಿಂದ ಮಲೇರಿಯಾ ಹರಡುವುದೆಂದು ಕೆಲವು ಕೆರೆಗಳನ್ನು ಬತ್ತಿಸಿದರು. ಪ್ರಯಾಣಿಕರಿಗೆ ಅನುಕೂಲವಾಗಲೆಂದು ಧರ್ಮಾಂಬುಧಿಯ ಅಂಗಳದಲ್ಲಿ ಬಸ್ ನಿಲ್ದಾಣವಾಯಿತು. ಯುವಕರ ವ್ಯಾಯಾಮಕ್ಕೆಂದು ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಉತ್ಸವಕ್ಕಾಗಿ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಬಸ್ ನಿಲ್ದಾಣವು ಬೇಡವೆಂದು ಯಾರು ಹೇಳಬಲ್ಲರು? ಒಂದೊಂದು ತೀರ್ಮಾನವನ್ನೂ ಬೇರೆ ಬೇರೆಯಾಗಿ ನೋಡಿದರೆ ಯುಕ್ತವಾಗಿಯೇ ತೋರುವುದು. ಎಲ್ಲವನ್ನೂ ಕೂಡಿಸಿ ಲೆಕ್ಕ ನೋಡುವವರು ಮಾತ್ರ ಇರಲಿಲ್ಲ. ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಮೇಲಿನ ನೀರಿಗೆ ನಿಲ್ಲಲು ಸ್ಥಳವಿಲ್ಲ, ಕೆಳಗಿನ ಕೆರೆಗೆ ಬರುವ ದಾರಿಯಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಿನ ಬಡಾವಣೆಗಳಲ್ಲಿ ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾದುದೂ, ಎರಡು ವರ್ಷ ಕಳೆಯುವ ಮೊದಲೇ ೨೦೨೪ರ ಬೇಸಗೆಯಲ್ಲಿ ಅದೇ ನಗರದ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರಿನ ನೀರಿಗೆ ಕಾದುದೂ ಒಂದೇ ರೋಗದ ಎರಡು ಲಕ್ಷಣಗಳು.

೪. ಬೆಳ್ಳಂದೂರಿನ ನೊರೆ

ಬೆಳ್ಳಂದೂರು ಕೆರೆಯು ನಗರದ ಕೆರೆಗಳಲ್ಲೆಲ್ಲ ದೊಡ್ಡದು. ಅದರ ವಿಸ್ತಾರ ಸುಮಾರು ೯೦೦ ಎಕರೆ. ಮೇಲಿನ ಅನೇಕ ಕೆರೆಗಳ ನೀರು ಅದಕ್ಕೆ ಇಳಿಯುವುದು. ಅಲ್ಲಿಂದ ವರ್ತೂರು ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಹೋಗಿ ತಮಿಳುನಾಡನ್ನು ಸೇರುವುದು. ಇಷ್ಟು ದೊಡ್ಡ ಕೆರೆಯಿಂದ ಬಿಳಿಯ ನೊರೆಯು ಆಳೆತ್ತರಕ್ಕೆ ಎದ್ದು, ಗಾಳಿಗೆ ಹಾರಿ ದಾರಿಹೋಕರ ಮೇಲೆ ಬಿದ್ದುದನ್ನು ಅನೇಕರು ಕಂಡಿದ್ದೀರಿ. ೨೦೧೫ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು. ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಕೆರೆಯಂಗಳವು ಮತ್ತೆ ಹೊತ್ತಿ ಉರಿಯಿತು. ಕೊನೆಯ ಸಲ ಸೈನಿಕರೂ ಬಂದು ಆರಿಸಬೇಕಾಯಿತು. ಬೆಂಕಿಯನ್ನು ಆರಿಸುವ ನೀರಿಗೇ ಬೆಂಕಿ ಬಿದ್ದಿತೆಂದು ಲೋಕವೆಲ್ಲ ಆಶ್ಚರ್ಯಪಟ್ಟಿತು.

ಈ ನೊರೆಯ ಮೂಲವನ್ನು ನಮ್ಮ ಬಾಲಿಕೆಯರು ಚೆನ್ನಾಗಿ ತಿಳಿದಿರಬೇಕು. ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳೆನೀರಾಗಿ ಹೊರಗೆ ಹೋಗುವುದೆಂದು ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಆ ನೀರಿನಲ್ಲಿ ಬಟ್ಟೆಯ ಸೋಪಿನ ಪುಡಿಯೂ ಪಾತ್ರೆಯ ಸೋಪೂ ಇರುವುವು. ಅವುಗಳಲ್ಲಿರುವ ನೊರೆಗೊಳಿಸುವ ದ್ರವ್ಯವನ್ನು ಕರಗಿಸಿ ನಿರ್ಮೂಲಮಾಡುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕವು ಬೇಕು. ಶುದ್ಧಿಯಾಗದ ಕೊಳೆನೀರು ತುಂಬಿದ ಕೆರೆಯಲ್ಲಿ ಆಮ್ಲಜನಕವೇ ಇಲ್ಲದಿರುವುದರಿಂದ ಆ ದ್ರವ್ಯವು ಹೂಳಿನಲ್ಲಿ ಸೇರಿ ಕುಳಿತಿರುವುದು. ಮಳೆ ಬಂದು ಹೂಳು ಕದಡಿ, ನೀರು ಕೋಡಿಯಲ್ಲಿ ರಭಸದಿಂದ ಕೆಳಗೆ ಬಿದ್ದಾಗ, ಗಾಳಿ ಬೆರೆತು ನೊರೆಯೇಳುವುದು. ಕೆಲವು ಸೋಪಿನ ಪುಡಿಗಳಲ್ಲಿರುವ ಫಾಸ್ಫೇಟುಗಳೂ, ಕೊಳೆನೀರಿನ ಇತರ ಸಾರಗಳೂ ಅಂತರಗಂಗೆಗೆ ಗೊಬ್ಬರವಾಗುವುವು. ಅದು ನೀರನ್ನು ಮುಚ್ಚಿ, ಸತ್ತು ಕೊಳೆತು, ಉಳಿದ ಆಮ್ಲಜನಕವನ್ನೂ ಕಳೆಯುವುದು. ಗಾಳಿಯಾಡದ ಹೂಳಿನಿಂದ ಉರಿಯುವ ಮಿಥೇನ್ ಅನಿಲವು ಏಳುವುದು. ಒಣಗಿದ ಹುಲ್ಲೂ ಕಸವೂ ಇದ್ದ ಮೇಲೆ ಕಿಡಿಯೊಂದು ಸಾಕು.

ಆ ನೊರೆಯು ನಮ್ಮ ಬಚ್ಚಲುಗಳಿಂದಲೂ ಹೊರಟಿತು. ನಾವು ನಮ್ಮ ಅಂಗಿ ಸೀರೆಗಳನ್ನು ಶುಭ್ರಮಾಡಿಕೊಂಡ ಕೊಳೆಯು ಕೆಳಗಿನ ಊರಿನವರ ಮನೆಬಾಗಿಲಿಗೆ ಹೋಗಿ ಬಿದ್ದಿತು. ಯಾವ ತಾಯಿಯೂ ಕೆರೆಯನ್ನು ಕೊಲ್ಲಬೇಕೆಂದು ಬಟ್ಟೆ ಒಗೆಯಲಿಲ್ಲ. ಆದರೂ ಕೆರೆಯು ಸತ್ತಿತು.

೫. ಹೊಣೆಯು ಯಾರದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೌದು, ಮಾನವನೇ ಹೊಣೆಗಾರನು. ಆದರೆ "ಮಾನವನು" ಎಂಬ ಶಬ್ದವು ಬಹಳ ಅಗಲವಾದ ಕಂಬಳಿ. ಅದರಡಿಯಲ್ಲಿ ಯಾರು ಬೇಕಾದರೂ ಅಡಗಬಹುದು. ಕೆರೆಯಲ್ಲಿ ಬಲೆ ಬೀಸುತ್ತಿದ್ದ ಬೆಸ್ತನೂ, ಕೊಳೆನೀರನ್ನು ಶುದ್ಧಿಮಾಡದೆ ಕಾಲುವೆಗೆ ಬಿಟ್ಟ ಕಟ್ಟಡದ ಒಡೆಯನೂ ಮಾನವರೇ. ಕೆರೆ ಕೆಟ್ಟುದರಿಂದ ಮೊದಲನೆಯವನು ಜೀವನೋಪಾಯವನ್ನು ಕಳೆದುಕೊಂಡನು; ಎರಡನೆಯವನು ಖರ್ಚನ್ನು ಉಳಿಸಿಕೊಂಡನು. ಇಬ್ಬರಿಗೂ ಸಮಾನವಾದ ಹೊಣೆಯೆಂದರೆ ಅದು ನ್ಯಾಯವಲ್ಲ. ಎಲ್ಲರೂ ತಪ್ಪಿತಸ್ಥರೆಂದ ಮೇಲೆ ಯಾರನ್ನೂ ಕೇಳುವಂತಿಲ್ಲ.

ಸತ್ಯವೇದವು ಈ ಗಂಟನ್ನು ಬಿಡಿಸಲು ನಮಗೆ ಸಹಾಯ ಮಾಡುತ್ತದೆ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಜೀವಿಗಳ ಮೇಲೆ ಅಧಿಕಾರ ಕೊಟ್ಟುದನ್ನು ಎಲ್ಲರೂ ನೆನೆಯುವರು. ಎರಡನೆಯ ಅಧ್ಯಾಯದಲ್ಲಿ ಅದೇ ಮನುಷ್ಯನನ್ನು ತೋಟದ ಬೇಸಾಯಕ್ಕೂ ಕಾವಲಿಗೂ ನೇಮಿಸಿದುದನ್ನು ಮರೆಯುವರು. ನಮಗೆ ದೊರೆತುದು ಮನೆವಾರ್ತೆಯವನ ಪದವಿಯೇ ಹೊರತು ಯಜಮಾನಿಕೆಯಲ್ಲ. ಮನೆವಾರ್ತೆಯವನು ಒಂದು ದಿನ ಲೆಕ್ಕ ಒಪ್ಪಿಸಲೇಬೇಕು. ಆ ಲೆಕ್ಕದಲ್ಲಿ ಹೆಚ್ಚು ಪಡೆದವನಿಂದ ಹೆಚ್ಚನ್ನು ಕೇಳುವರೆಂದು ನಮ್ಮ ಕರ್ತನು ಬೋಧಿಸಿದನು. ಹೊಣೆಗೆ ಅಳತೆಗೋಲು ಇದೇ: ಯಾರಿಗೆ ಅಧಿಕಾರ ಹೆಚ್ಚೋ, ಲಾಭ ಹೆಚ್ಚೋ, ತಿಳಿವಳಿಕೆ ಹೆಚ್ಚೋ, ಅವರಿಗೆ ಹೊಣೆಯೂ ಹೆಚ್ಚು. ಸೋಪು ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದವಳ ಹೊಣೆ ಸ್ವಲ್ಪ. ಓದಿ ತಿಳಿದವಳ ಹೊಣೆ ದೊಡ್ಡದು. ಹೈಸ್ಕೂಲಿನಲ್ಲಿ ಓದಿದವರು ತಿಳಿಯಲಿಲ್ಲವೆಂಬ ನೆಪವನ್ನು ಹೇಳುವಂತಿಲ್ಲ.

೬. ಮಾಡತಕ್ಕ ಕೆಲಸ

ಕೆಡಿಸಿದ ಕೈಯೇ ಸರಿಪಡಿಸಬಲ್ಲದೆಂಬುದಕ್ಕೂ ಕೆರೆಗಳೇ ಸಾಕ್ಷಿ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೂ ನಗರಪಾಲಿಕೆಯೂ ಕೂಡಿ ಉಳಿಸಿಕೊಂಡರು. ಜಕ್ಕೂರಿನಲ್ಲಿ ಕೊಳೆನೀರನ್ನು ಯಂತ್ರದಲ್ಲಿ ಶುದ್ಧಿಮಾಡಿ, ಬಳಿಕ ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಾಯಿತು. ಬೆಳ್ಳಂದೂರಿನ ವಿಷಯವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೭ರಲ್ಲಿ ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು; ಆ ಬಳಿಕ ಹೂಳೆತ್ತುವ ಕೆಲಸವೂ ಆರಂಭವಾಯಿತು. ನೀರುಗಂಟಿಯ ಸ್ಥಾನವು ಎಲ್ಲಿ ಮತ್ತೆ ತುಂಬಿತೋ ಅಲ್ಲಿ ಕೆರೆಯು ಚೇತರಿಸಿಕೊಂಡಿದೆ.

ಗೃಹಕೃತ್ಯವನ್ನು ನಡೆಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಾಡಬಹುದಾದುದು ಸ್ವಲ್ಪವಲ್ಲ. ಸೋಪಿನ ಪುಡಿಯನ್ನು ಅಳೆದು ಹಾಕಿರಿ. ಫಾಸ್ಫೇಟಿಲ್ಲದುದನ್ನು ಕೇಳಿ ಕೊಳ್ಳಿರಿ. ದೊಡ್ಡ ವಸತಿ ಸಮುಚ್ಚಯಗಳಲ್ಲಿ ವಾಸಿಸುವವರು, ಅಲ್ಲಿಯ ಕೊಳೆನೀರಿನ ಶುದ್ಧೀಕರಣ ಯಂತ್ರವು ಕಾಗದದಲ್ಲಿ ಮಾತ್ರ ಇದೆಯೋ, ನಿಜವಾಗಿ ನಡೆಯುತ್ತಿದೆಯೋ ಎಂದು ಸಂಘದ ಸಭೆಯಲ್ಲಿ ಕೇಳಿರಿ. ಮಾಳಿಗೆಯ ಮಳೆನೀರನ್ನು ಇಂಗಿಸಿರಿ. ನಮ್ಮಲ್ಲಿ ಓದಿದವರು ಕೆಲವರು ಈಗ ಕಚೇರಿಗಳಲ್ಲಿ ನಕ್ಷೆಗಳಿಗೂ ಕಾಗದಪತ್ರಗಳಿಗೂ ಸಹಿ ಹಾಕುವ ಸ್ಥಾನದಲ್ಲಿದ್ದಾರೆ. ಅವರು ಸಹಿ ಹಾಕುವ ಮುನ್ನ, ಈ ಜಾಗದ ನೀರು ಎಲ್ಲಿಂದ ಬರುತ್ತಿತ್ತು, ಇನ್ನು ಮುಂದೆ ಎಲ್ಲಿಗೆ ಹೋಗುವುದು ಎಂಬ ಒಂದು ಪ್ರಶ್ನೆಯನ್ನು ಕೇಳಿದರೆ, ಸಾವಿರ ಮನೆಗಳ ಮಿತವ್ಯಯಕ್ಕಿಂತ ಹೆಚ್ಚಿನ ಫಲವಾಗುವುದು.

ತಾಯಿತಂದೆಗಳು ಈ ಕೆಳಗಿನ ಪ್ರಶ್ನೆಗಳನ್ನು ಮನೆಯಲ್ಲಿ ಮಕ್ಕಳೊಡನೆ ಕುಳಿತು ವಿಚಾರ ಮಾಡಬೇಕೆಂದು ನನ್ನ ಪ್ರಾರ್ಥನೆ.

(೧) ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ? ಬಚ್ಚಲಿನಿಂದ ಹೊರಟ ನೀರು ಯಾವ ಕಾಲುವೆಯ ಮೂಲಕ ಯಾವ ಕೆರೆಯನ್ನು ಸೇರುತ್ತದೆ?

(೨) ನಮ್ಮ ಬೀದಿ ಇರುವಲ್ಲಿ ಐವತ್ತು ವರ್ಷಗಳ ಹಿಂದೆ ಏನಿತ್ತು? ಬಲ್ಲ ಹಿರಿಯರು ಯಾರು?

(೩) ನಮಗೆ ಸಮೀಪವಾದ ಕೆರೆಯನ್ನು ಈಗ ಕಾಯುವವರು ಯಾರು? ಕಾಯುವವರು ಯಾರೂ ಇಲ್ಲವಾದರೆ, ಆ ಕೆಲಸದಲ್ಲಿ ನಮ್ಮ ಮನೆಯ ಪಾಲೆಷ್ಟು?